ಗೋಧಿಯಿಂದ ಶುರು ಮಾಡಿದ ಮೇಲೆ ತರಗತಿಗೆ 1929 ಅರ್ಥವಾಯಿತು

ಬಿ.ಎ. ಕೊನೆಯ ವರ್ಷಕ್ಕೆ ಅಮೆರಿಕ ಇತಿಹಾಸದ ಪೇಪರ್ ಪಾಠ ಮಾಡುವ ಅಧ್ಯಾಪಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎರಡು ಮಹಾಯುದ್ಧಗಳ ನಡುವಿನ ಘಟಕವನ್ನು ನಾನೀಗ ನೋಟ್ಸ್ ಕೊಟ್ಟು ಮುಗಿಸುವುದಿಲ್ಲ, ಪಾತ್ರದ ಕಾರ್ಡ್ ಹಂಚಿ ತರಗತಿಯಲ್ಲಿ ಆಟವಾಗಿ ಆಡಿಸುತ್ತೇನೆ. "ಮೇಡಂ, ಇದೆಲ್ಲ ಹೈಸ್ಕೂಲಿಗೆ ಸರಿ. ಪೋರ್ಷನ್ ಮುಗಿಸೋದು ಯಾವಾಗ?" ಅಂತ ಕೇಳಿದ ಸಹೋದ್ಯೋಗಿಗಳೇ ಕಳೆದ ವರ್ಷ ನನ್ನ ಕಾರ್ಡ್‌ಗಳ ಜೆರಾಕ್ಸ್ ಕೇಳಿದರು. ಪೋರ್ಷನ್ ಮುಗಿಯುತ್ತದೆ. ಆರೇಳು ಪಿರಿಯಡ್ ಸಾಕು, ನೋಟ್ಸ್ ಬರೆಸುವುದಕ್ಕೂ ಅಷ್ಟೇ ಬೇಕು.

ಈ ಘಟಕದ ತೊಂದರೆ ನಿಮಗೆಲ್ಲ ಗೊತ್ತು. ಯಾವ ಉತ್ತರ ಪತ್ರಿಕೆ ತೆಗೆದರೂ ಅದೇ ಸಾಲು: ಅಕ್ಟೋಬರ್ 1929ರಲ್ಲಿ ಷೇರುಪೇಟೆ ಕುಸಿಯಿತು, ಆದ್ದರಿಂದ ಮಹಾ ಆರ್ಥಿಕ ಕುಸಿತ ಬಂತು. ಆಮೇಲೆ ಕಾರಣಗಳ ಪಟ್ಟಿ, ಅಧ್ಯಕ್ಷ ರೂಸ್‌ವೆಲ್ಟ್, ಮುಗೀತು. ಷೇರು ಬಿದ್ದರೆ ನೆಬ್ರಾಸ್ಕಾ ರಾಜ್ಯದ ರೈತ ಯಾಕೆ ಜಮೀನು ಕಳೆದುಕೊಂಡ ಅಂತ ಕೇಳಿದರೆ ಉತ್ತರವಿಲ್ಲ. ಆಗ ಅಮೆರಿಕದ ಜನಸಂಖ್ಯೆ ಹನ್ನೆರಡು ಕೋಟಿಗೂ ಜಾಸ್ತಿ. ಅದರಲ್ಲಿ ಷೇರು ಇಟ್ಟುಕೊಂಡಿದ್ದವರು ತೀರಾ ಕಡಿಮೆ.

ನಾನೂ ಮೊದಲು ಷೇರುಪೇಟೆ ಆಟವನ್ನೇ ಆಡಿಸಿದೆ. ಬೋರ್ಡಿನ ಮೇಲೆ ಬೆಲೆ ಬರೆಯುವುದು, ಮಾರ್ಜಿನ್ ಮೇಲೆ ಕೊಳ್ಳುವುದು, ಕೊನೆಗೆ ಬೀಳಿಸುವುದು. ನೂರು ಡಾಲರಿನ ಷೇರಿಗೆ ಸ್ವಂತದ ಹತ್ತು, ಬ್ರೋಕರ್ ಸಾಲ ತೊಂಬತ್ತು. ನಿಜಕ್ಕೂ 1929ರ ಹೊತ್ತಿಗೆ ಬ್ರೋಕರ್‌ಗಳು ಅದಕ್ಕಿಂತ ಜಾಸ್ತಿ ಮಾರ್ಜಿನ್ ಕೇಳುತ್ತಿದ್ದರು. ಲೆಕ್ಕ ಸುಲಭವಾಗಲಿ ಅಂತ ಹತ್ತು ಇಟ್ಟೆ. ಮಕ್ಕಳು ಕೂಗಾಡಿ ಖುಷಿಪಟ್ಟರು. ಇಂಟರ್ನಲ್ಸ್‌ನಲ್ಲಿ ಮತ್ತೆ ಅದೇ ಸಾಲು ಬರೆದರು. ಆಟವೇ ಅದನ್ನು ಇನ್ನಷ್ಟು ಗಟ್ಟಿ ಮಾಡಿತ್ತು.

ಮುಂದಿನ ಪ್ರಯತ್ನದಲ್ಲಿ ದುಡ್ಡು ಹೋಯಿತು. ಅಂಗಡಿಯ ಆಟದ ನೋಟು, ಬಣ್ಣದ ಕಾರ್ಡು, ಲ್ಯಾಮಿನೇಷನ್ ಅಂತ ಮೂರು ಸಾವಿರದ ಮೇಲೆ ಕೈಯಿಂದ ಹಾಕಿದೆ. ಇಪ್ಪತ್ತಕ್ಕೂ ಹೆಚ್ಚು ಬಗೆಯ ಪಾತ್ರ. ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವುದರಲ್ಲೇ ಪಿರಿಯಡ್ ಕಳೆಯಿತು. ಆಟದ ನೋಟು ಕಳೆದುಕೊಂಡರೆ ಯಾರಿಗೂ ನೋವಿಲ್ಲ, ಸುಮ್ನೆ ಬೆಂಚಿನ ಮೇಲೆ ಬಿಟ್ಟು ಹೋಗುತ್ತಿದ್ದರು. ನೋವಿಲ್ಲದಿದ್ದರೆ ಬ್ಯಾಂಕಿನ ಮುಂದೆ ಸಾಲು ಎಲ್ಲಿಂದ ಬರಬೇಕು? ಈಗ ಜೆರಾಕ್ಸ್ ನೋಟು. ಕೊನೆಯಲ್ಲಿ ಉಳಿದ ನೋಟಿಗೆ ಕಡಲೆ ಮಿಠಾಯಿ ಕೊಡುತ್ತೇನೆ. ಐವತ್ತು ಜನರ ತರಗತಿಗೆ ಮುನ್ನೂರು-ನಾನೂರು ರೂಪಾಯಿ ಆಗುತ್ತದೆ. ಮಿಠಾಯಿ ಡಬ್ಬ ಮೇಜಿನ ಮೇಲೆ ಮೊದಲ ದಿನದಿಂದ ಕಾಣುವಂತೆ ಇರಬೇಕು.

ದಾರಿ ಸಿಕ್ಕಿದ್ದು 1929 ಬಿಟ್ಟು 1919ಕ್ಕೆ ಹೋದಾಗ. ಈಗ ನನ್ನ ಆಟದಲ್ಲಿ ಮೊದಲ ಎರಡು ಪಿರಿಯಡ್ ವಾಲ್ ಸ್ಟ್ರೀಟ್ (ನ್ಯೂಯಾರ್ಕ್‌ನ ಷೇರುಪೇಟೆ) ಹೆಸರೇ ಇಲ್ಲ. ಅರ್ಧ ತರಗತಿ ಗೋಧಿ ಬೆಳೆಯುವ ರೈತರು. ಉಳಿದವರು ಕಾರ್ ಕಾರ್ಖಾನೆಯ ಕೆಲಸಗಾರರು, ಅಂಗಡಿಯವರು, ಮೂರು ಊರ ಬ್ಯಾಂಕಿನವರು. ಯುದ್ಧದ ಬೇಡಿಕೆಯಿಂದ ಗೋಧಿ ಬುಷೆಲ್‌ಗೆ (ಧಾನ್ಯಕ್ಕೆ ಅಲ್ಲಿ ಬಳಸುವ ಅಳತೆ) ಎರಡು ಡಾಲರ್ ದಾಟಿದೆ. ರೈತರು ಸಾಲ ಮಾಡಿ ಜಮೀನು, ಟ್ರಾಕ್ಟರ್ ಕೊಳ್ಳುತ್ತಾರೆ. ವರ್ಷಕ್ಕೆ ಸಾವಿರ ಬುಷೆಲ್ ಬೆಳೆ, ಕಂತು ಮತ್ತು ತೆರಿಗೆ ಸೇರಿ ಐನೂರು ಡಾಲರ್. ಎಲ್ಲರಿಗೂ ಧೈರ್ಯ.

ಆಮೇಲೆ ಬೋರ್ಡಿನ ಮೇಲೆ ಬೆಲೆ ಬದಲಿಸುತ್ತಾ ಹೋಗುತ್ತೇನೆ. ಯುರೋಪ್ ಮತ್ತೆ ಬೆಳೆ ತೆಗೆಯುತ್ತದೆ, ಬೆಲೆ ಒಂದು ಡಾಲರ್ ಹತ್ತಿರ ಬರುತ್ತದೆ. 1932ರಲ್ಲಿ ನಲವತ್ತು ಸೆಂಟ್‌ಗಿಂತ ಕೆಳಗೆ. ಕಂತು ಮಾತ್ರ ಅದೇ ಐನೂರು. ಎರಡು ಡಾಲರ್ ಇದ್ದಾಗ 250 ಬುಷೆಲ್ ಮಾರಿದರೆ ಕಂತು ತೀರುತ್ತಿತ್ತು. 38 ಸೆಂಟ್‌ಗೆ 1,300ಕ್ಕೂ ಜಾಸ್ತಿ ಬುಷೆಲ್ ಬೇಕು. ಬೆಳೆದದ್ದೇ ಸಾವಿರ! ಈ ಲೆಕ್ಕವನ್ನು ನಾನು ಹೇಳುವುದಿಲ್ಲ, ಅವರೇ ಹಾಕಬೇಕು. ಯಾರಾದರೂ ಒಬ್ಬರು "ಹಾಗಾದ್ರೆ ಜಾಸ್ತಿ ಬೆಳೀತೀವಿ ಮೇಡಂ" ಅನ್ನುತ್ತಾರೆ. ಎಲ್ಲರೂ ಜಾಸ್ತಿ ಬೆಳೆದರೆ ಬೆಲೆ ಇನ್ನೂ ಇಳಿಸುತ್ತೇನೆ. 1933ರ ಕೃಷಿ ಕಾಯ್ದೆಯಲ್ಲಿ ಕಡಿಮೆ ಬೆಳೆಯಿರಿ ಅಂತ ಸರ್ಕಾರವೇ ಯಾಕೆ ದುಡ್ಡು ಕೊಟ್ಟಿತು ಅನ್ನುವುದನ್ನು ಆಮೇಲೆ ವಿವರಿಸಬೇಕಾಗಿಲ್ಲ.

ಇಪ್ಪತ್ತರ ದಶಕದ ಥಳುಕಿನ ಹೊತ್ತಿನಲ್ಲೇ ಐದು ಸಾವಿರಕ್ಕೂ ಹೆಚ್ಚು ಬ್ಯಾಂಕ್‌ಗಳು ಮುಚ್ಚಿದವು. ಬಹುಪಾಲು ಸಣ್ಣ ಊರಿನವು. 1930ರಿಂದ 1933ರೊಳಗೆ ಇನ್ನೂ ಒಂಬತ್ತು ಸಾವಿರ. ಈ ಎರಡು ಅಂಕಿಗಳ ನಡುವೆ ಸಂಬಂಧ ಕಟ್ಟುವುದೇ ನನ್ನ ಆಟದ ಕೆಲಸ. ಷೇರುಪೇಟೆ ಮೂರನೇ ಪಿರಿಯಡ್‌ಗೆ ಬರುತ್ತದೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಷೇರು ಬೆಲೆಗಳ ಏರಿಳಿತ ತೋರಿಸುವ ಡೌ ಜೋನ್ಸ್ ಸೂಚ್ಯಂಕ 1929ರ ಸೆಪ್ಟೆಂಬರ್‌ನಲ್ಲಿ 381, 1932ರ ಜುಲೈನಲ್ಲಿ 41. ಅಷ್ಟು ಬೋರ್ಡಿನ ಮೇಲಿದ್ದರೆ ಸಾಕು.

ಬ್ಯಾಂಕ್ ಪಿರಿಯಡ್‌ಗೆ ಒಂದೇ ನಿಯಮ. ಠೇವಣಿ ಇಟ್ಟವರು ಯಾವಾಗ ಬೇಕಾದರೂ ದುಡ್ಡು ಕೇಳಬಹುದು. ಬ್ಯಾಂಕ್ ಮಾತ್ರ ಕೊಟ್ಟ ಸಾಲವನ್ನು ಅವಧಿಗೆ ಮೊದಲು ಕೇಳುವಂತಿಲ್ಲ. ನೂರು ಡಾಲರ್ ಠೇವಣಿಗೆ ಪೆಟ್ಟಿಗೆಯಲ್ಲಿ ಹತ್ತು-ಹದಿನೈದು ಮಾತ್ರ. ಇಷ್ಟಾದ ಮೇಲೆ ಒಂದು ಗಾಳಿಸುದ್ದಿ ಬೇಕು. ಅದನ್ನು ಯಾರ ಬಾಯಿಂದ, ಯಾವ ಹೊತ್ತಿನಲ್ಲಿ ಹೊರಡಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಮುಂದಿನ ಬ್ಯಾಚಿನವರೂ ಇದನ್ನು ಓದುತ್ತಾರೆ. 1930ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್ ಮುಂದೆ ಆದದ್ದೂ ಇದೇ. ಬ್ರಾಂಕ್ಸ್‌ನ ಒಂದು ಶಾಖೆಯ ಮುಂದೆ ಸಾಲು ಶುರುವಾಯಿತು, ಮಾರನೇ ದಿನ ಬ್ಯಾಂಕ್ ಬಾಗಿಲು ತೆರೆಯಲಿಲ್ಲ. ಅದು ಖಾಸಗಿ ಬ್ಯಾಂಕ್. ಹೆಸರು ಮಾತ್ರ ಸರ್ಕಾರದ್ದರಂತಿತ್ತು.

ನನ್ನ ತರಗತಿಯಲ್ಲಿ ಮೂರು ಬ್ಯಾಂಕುಗಳಲ್ಲಿ ಒಂದನ್ನು ಬೇಕೆಂದೇ ಗಟ್ಟಿಯಾಗಿ ಇಟ್ಟಿರುತ್ತೇನೆ. ಅದೂ ಮುಳುಗುತ್ತದೆ. ಪ್ರತಿ ಸಲ ಮುಳುಗಿದೆ. ಒಮ್ಮೆ ಸಾಲಿನಲ್ಲಿ ನಿಂತಿದ್ದ ಹುಡುಗಿ, ತಮ್ಮ ಊರಿನ ಸಹಕಾರಿ ಬ್ಯಾಂಕ್ ಒಂದರ ಮುಂದೆ ತನ್ನ ಅಮ್ಮ ಹೀಗೇ ನಿಂತಿದ್ದನ್ನು ಹೇಳಿದಳು. ಅಂದು ಪಾಠ ಮುಂದೆ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಠೇವಣಿ ವಿಮೆಯ, ಅಂದರೆ ಬ್ಯಾಂಕ್ ಮುಳುಗಿದರೂ ಒಂದು ಮಿತಿಯವರೆಗೆ ಠೇವಣಿ ವಾಪಸ್ ಸಿಗುವ ಭರವಸೆಯ, ಮಾತು ತಾನಾಗಿ ಬಂತು. ಅಲ್ಲಿ 1934ರ ಜನವರಿಯಲ್ಲಿ 2,500 ಡಾಲರ್‌ವರೆಗೆ ಶುರುವಾದದ್ದು, ನಮ್ಮಲ್ಲಿ ಈಗ ಐದು ಲಕ್ಷ ರೂಪಾಯಿವರೆಗೆ ಇರುವುದು.

ರೂಸ್‌ವೆಲ್ಟ್ ಪ್ರವೇಶ ಇಲ್ಲಿ. 1933ರ ಮಾರ್ಚ್ 6ರಿಂದ ದೇಶದ ಎಲ್ಲಾ ಬ್ಯಾಂಕ್‌ಗಳಿಗೆ ರಜೆ. 12ರ ರಾತ್ರಿ ರೇಡಿಯೋದಲ್ಲಿ ಮಾತು. 13ರಿಂದ ಗಟ್ಟಿ ಬ್ಯಾಂಕುಗಳು ತೆರೆದಾಗ ಜನ ದುಡ್ಡನ್ನು ವಾಪಸ್ ತಂದು ಕಟ್ಟಿದರು. ತರಗತಿಯಲ್ಲಿ ಚೆನ್ನಾಗಿ ಮಾತಾಡುವ ಒಬ್ಬರಿಗೆ ಹಿಂದಿನ ದಿನವೇ ಈ ಪಾತ್ರ ಕೊಡಿ. ಎರಡೇ ನಿಮಿಷದ ಮಾತು, ಕನ್ನಡದಲ್ಲಿ, ಬ್ಯಾಂಕ್ ಹೇಗೆ ಕೆಲಸ ಮಾಡುತ್ತದೆ ಅಂತ. ರೂಸ್‌ವೆಲ್ಟ್ ಮಾಡಿದ್ದೂ ಅದನ್ನೇ. ಕೇಳಿದವರಲ್ಲಿ ಎಷ್ಟು ಜನ ನೋಟು ವಾಪಸ್ ಇಡುತ್ತಾರೆ ಅಂತ ಎಣಿಸಿ. ನನ್ನಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ವಾಪಸ್ ಬರುತ್ತದೆ.

ನಡುವೆ ಕೆಲವು ಉಪಪ್ರಯೋಗಗಳನ್ನೂ ಮಾಡಿದೆ. ವಾಷಿಂಗ್ಟನ್ ರಾಜ್ಯದ ಟೆನಿನೋ ಎಂಬ ಸಣ್ಣ ಊರಿನಲ್ಲಿ ಬ್ಯಾಂಕ್ ಮುಚ್ಚಿದ ಮೇಲೆ ತೆಳು ಮರದ ಹಾಳೆಯ ಮೇಲೆ ನೋಟು ಮುದ್ರಿಸಿದ್ದರು. ನಾನು ಐಸ್‌ಕ್ರೀಮ್ ಕಡ್ಡಿ ಕಟ್ಟು ತಂದು ಸೀಲು ಹೊಡೆದು ಚಲಾವಣೆಗೆ ಬಿಟ್ಟೆ. ಅಂಗಡಿಯ ಪಾತ್ರದವರು ಒಪ್ಪಿದರೆ ಸಾಕು, ಕಡ್ಡಿಯೂ ದುಡ್ಡಾಗುತ್ತದೆ. ಈ ಭಾಗ ಸೊಗಸಾಗಿ ನಡೆಯುತ್ತದೆ. ಪೆನ್ನಿ ಹರಾಜೂ ಹಾಗೇ. ಅಯೋವಾ, ನೆಬ್ರಾಸ್ಕಾ ಕಡೆ ರೈತನ ಜಮೀನು ಹರಾಜಿಗೆ ಬಂದಾಗ ಅಕ್ಕಪಕ್ಕದವರೇ ಗುಂಪಾಗಿ ನಿಂತು ಬಿಡಿಗಾಸಿಗೆ ಕೂಗಿ, ಕೊಂಡದ್ದನ್ನು ಅವನಿಗೇ ವಾಪಸ್ ಕೊಡುತ್ತಿದ್ದರು. ಹೊರಗಿನವರು ಜಾಸ್ತಿ ಕೂಗದಂತೆ ನೇಣಿನ ಕುಣಿಕೆ ತೂಗುಹಾಕಿದ್ದೂ ಉಂಟು. ಇದನ್ನು ನಾನು ಹೇಳಿಕೊಡದೆಯೇ ಒಂದು ಬ್ಯಾಚು ತಾನೇ ಕಂಡುಹಿಡಿಯಿತು. ಹರಾಜಿನಲ್ಲಿ ಯಾರೂ ಐದು ಸೆಂಟ್ ಮೇಲೆ ಕೂಗಲಿಲ್ಲ! ನನ್ನ ಇಷ್ಟು ವರ್ಷದ ಪಾಠದಲ್ಲಿ ಅಷ್ಟು ಹೆಮ್ಮೆ ಪಟ್ಟ ದಿನ ಇನ್ನೊಂದಿಲ್ಲ. ಕಾರಿನ ಕಂತಿನ ಪ್ರಯೋಗ ಮಾತ್ರ ಸಪ್ಪೆ. ಮೊಬೈಲ್ ಇಎಂಐ ಕಟ್ಟುವ ಹುಡುಗರಿಗೆ ಅದರಲ್ಲಿ ಹೊಸದೇನೂ ಕಾಣುವುದಿಲ್ಲ.

ಒಂದು ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಪಾತ್ರದ ಕಾರ್ಡುಗಳಲ್ಲಿ ದಕ್ಷಿಣದ ಕಪ್ಪು ಜನಾಂಗದ ಗೇಣಿ ರೈತರು ಇರಲೇಬೇಕು, ಮನೆಗೆಲಸದ ಹೆಂಗಸರು ಇರಲೇಬೇಕು. ಬೆಳೆ ಕಡಿಮೆ ಮಾಡಿದ್ದಕ್ಕೆ ಬಂದ ಸರ್ಕಾರಿ ದುಡ್ಡು ಬಹಳ ಕಡೆ ಜಮೀನ್ದಾರನ ಕೈಗೇ ಹೋಯಿತು, ಗೇಣಿದಾರನನ್ನು ಎಬ್ಬಿಸಲಾಯಿತು. 1935ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ಹೊಲದ ಕೂಲಿಗಳಿಗೂ ಮನೆಗೆಲಸದವರಿಗೂ ಪಿಂಚಣಿ ಇರಲಿಲ್ಲ. ಆ ಕಾರ್ಡು ಸಿಕ್ಕವರು ಕೊನೆಯ ಸುತ್ತಿನಲ್ಲಿ ಎದ್ದು "ನಮಗೆ?" ಅಂತ ಕೇಳುತ್ತಾರೆ. ಆ ಪ್ರಶ್ನೆ ಬಂದ ವರ್ಷ ನ್ಯೂ ಡೀಲ್ (ರೂಸ್‌ವೆಲ್ಟ್ ಸರ್ಕಾರದ ಪರಿಹಾರ ಮತ್ತು ಸುಧಾರಣೆಯ ಕಾರ್ಯಕ್ರಮಗಳು) ಬಗ್ಗೆ ಹದಿನೈದು ಅಂಕದ ಉತ್ತರಗಳು ಬೇರೆಯೇ ಮಟ್ಟದಲ್ಲಿದ್ದವು. ಪೇಪರ್ ತಿದ್ದಿದ ಬೇರೆ ಕಾಲೇಜಿನವರೊಬ್ಬರು ಯಾವ ಗೈಡ್ ಬಳಸುತ್ತೀರಿ ಅಂತ ವಿಚಾರಿಸಿದರು.

ಈಗ 1937ರ ಸುತ್ತು ಕಟ್ಟುತ್ತಿದ್ದೇನೆ. ಚೇತರಿಕೆ ಬಂತು ಅಂತ ಸರ್ಕಾರ ಖರ್ಚು ಇಳಿಸಿತು, ಬ್ಯಾಂಕುಗಳು ಹೆಚ್ಚು ದುಡ್ಡನ್ನು ಮೀಸಲು ಇಡಬೇಕೆಂದು ಅಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಹೇಳಿತು, ಪಿಂಚಣಿಯ ತೆರಿಗೆಯೂ ಆ ವರ್ಷವೇ ಶುರುವಾಯಿತು. ನಿರುದ್ಯೋಗ ಮತ್ತೆ ಏರಿತು. ಇದನ್ನು ಒಂದು ಪಿರಿಯಡ್‌ನಲ್ಲಿ ಆಡಿಸಬೇಕಾದರೆ ಖಜಾನೆಯ ಪಾತ್ರವನ್ನು ನನ್ನ ಕೈಯಿಂದ ತೆಗೆದು ವಿದ್ಯಾರ್ಥಿಗಳ ಕೈಗೆ ಕೊಡಬೇಕು. ಸದ್ಯಕ್ಕೆ ಖಜಾನೆಗೆ ಮೂವರ ಸಮಿತಿ ಇಟ್ಟು, ಬಜೆಟ್ ಅನ್ನು ಬೋರ್ಡಿನ ಮೇಲೆ ಅವರೇ ಬರೆಯುವ ಹಾಗೆ ಮಾಡಿದ್ದೇನೆ. ಚಿಕ್ಕ ಗುಂಪಿನಲ್ಲಿ ನಡೆದಿದೆ, ಪೂರ್ತಿ ತರಗತಿಗೆ ಬರುವ ಸೆಮಿಸ್ಟರ್‌ನಲ್ಲಿ.