ಗೇಮಿಗೂ ಕೋಡಿಗೂ ಒಂದೇ ಪಿಸಿ: ಬಿಡಿಭಾಗ ಆರಿಸಿದ ನನ್ನ ಅನುಭವ

ಹೊಸ ಪಿಸಿ ಜೋಡಿಸ್ತೀನಿ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಯಾವ ಪ್ರೊಸೆಸರ್, ಯಾವ ಗ್ರಾಫಿಕ್ಸ್ ಕಾರ್ಡ್? ನಾನು ಅಲ್ಲಿಂದ ಶುರು ಮಾಡಲಿಲ್ಲ. ಹಳೆಯ ಮೆಷಿನ್ ನನ್ನನ್ನು ಎಲ್ಲೆಲ್ಲಿ ಕಾಯಿಸುತ್ತಿದೆ ಅಂತ ಮೊದಲು ನೋಡಿದೆ. ಹಗಲೆಲ್ಲ ನನಗೆ ಸಿ ಪ್ಲಸ್ ಪ್ಲಸ್ ಕೋಡ್, ಡಾಕರ್ (ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬದಲ್ಲಿಟ್ಟಂತೆ ಓಡಿಸುವ ಸಾಧನ), ಒಂದೆರಡು ವರ್ಚುವಲ್ ಮೆಷಿನ್ (ಪಿಸಿಯೊಳಗೇ ಓಡುವ ಇನ್ನೊಂದು ಪಿಸಿ). ರಾತ್ರಿ ಗೇಮ್. ಎರಡೂ ಕಡೆ ಕಾಯುವ ಜಾಗ ಬೇರೆ ಬೇರೆ.

ನೋಡಲು ದೊಡ್ಡ ಸಲಕರಣೆ ಏನೂ ಬೇಕಿಲ್ಲ. ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಕೆಲಸ) ಓಡುವಾಗ ಪಕ್ಕದಲ್ಲಿ, ಯಾವ ಕೋರ್ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಎಚ್‌ಟಾಪ್ ತೆರೆದಿಟ್ಟುಕೊಂಡೆ, ಅಷ್ಟೇ. ಫೈಲ್‌ಗಳು ಕಂಪೈಲ್ ಆಗುವಾಗ, ಅಂದರೆ ಯಂತ್ರಭಾಷೆಗೆ ತಿರುಗುವಾಗ, ಪ್ರೊಸೆಸರಿನ ಎಲ್ಲ ಕೋರ್‌ಗಳೂ ಪೂರ್ತಿ ದುಡಿಯುತ್ತಿದ್ದವು. ಆ ತುಂಡುಗಳನ್ನು ಒಂದಾಗಿ ಜೋಡಿಸುವ ಲಿಂಕಿಂಗ್ ಬಂತು ಅಂದರೆ ಒಂದು ಕೋರ್ ಮಾತ್ರ ಕೆಲಸ ಮಾಡುತ್ತಿತ್ತು, ಉಳಿದವು ಸುಮ್ನೆ ಕೂತಿರುತ್ತಿದ್ದವು. ಇದರ ಜೊತೆಗೆ 16 ಜಿಬಿ ರ‍್ಯಾಮ್ ತುಂಬಿ ಸ್ವಾಪ್ (ಹಿಡಿಸದ್ದನ್ನು ಡಿಸ್ಕಿಗೆ ಸಾಗಿಸುವುದು) ಶುರುವಾಗುತ್ತಿತ್ತು. ಆಗ ಮೌಸ್ ಕೂಡ ತಡವರಿಸುತ್ತಿತ್ತು.

ಗೇಮ್‌ಗೆ ಇನ್ನೂ ಸುಲಭದ ಪರೀಕ್ಷೆ ಇದೆ. ರೆಸಲ್ಯೂಷನ್ ಇಳಿಸಿ ನೋಡಿ. ಫ್ರೇಮ್ ರೇಟ್ ಏರಿದರೆ ತಡೆ ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಏರದೆ ಅಲ್ಲೇ ನಿಂತರೆ ಪ್ರೊಸೆಸರಿನಲ್ಲಿ. ನನ್ನ ಮಾನಿಟರ್ 1440ಪಿ. ಅಂದರೆ ಪ್ರತಿ ಫ್ರೇಮ್‌ಗೆ ಸುಮಾರು 37 ಲಕ್ಷ ಪಿಕ್ಸೆಲ್. 1080ಪಿಯಲ್ಲಿ ಅದು ಸುಮಾರು 21 ಲಕ್ಷ, 4ಕೆಯಲ್ಲಿ 83 ಲಕ್ಷ. ನಾನು ಆಡುವ ಹೆಚ್ಚಿನ ಗೇಮ್‌ಗಳಲ್ಲಿ ಇಳಿಸಿದ ತಕ್ಷಣ ಫ್ರೇಮ್ ಏರಿತು. ಉತ್ತರ ಅಲ್ಲೇ ಸಿಕ್ಕಿತು.

ಪ್ರೊಸೆಸರ್ ವಿಷಯದಲ್ಲಿ ಗೇಮ್ ಮತ್ತು ಕೋಡ್ ಎರಡು ದಿಕ್ಕಿಗೆ ಎಳೆಯುತ್ತವೆ. ಗೇಮ್‌ಗೆ ಬೇಕಿರುವುದು ಚುರುಕಾದ ಕೆಲವು ಕೋರ್‌ಗಳು, ಜೊತೆಗೆ ದೊಡ್ಡ ಕ್ಯಾಶ್ (ಪ್ರೊಸೆಸರಿನೊಳಗಿನ ಅತಿವೇಗದ ಮೆಮೊರಿ). ಎಎಂಡಿಯ ರೈಜೆನ್ 7 7800ಎಕ್ಸ್3ಡಿ ಅದಕ್ಕೇ ಹೆಸರಾಗಿದ್ದು: 8 ಕೋರ್, 96 ಎಂಬಿ ಎಲ್3 ಕ್ಯಾಶ್. ಕಂಪೈಲ್‌ಗೆ ಕೋರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಯಾಕೆಂದರೆ ಪ್ರತಿ ಫೈಲನ್ನೂ ಬೇರೆ ಕೋರ್‌ಗೆ ಹಂಚಬಹುದು. ಎರಡೂ ಒಟ್ಟಿಗೆ ಬೇಕು ಅನ್ನುವವರಿಗೆ 16 ಕೋರ್‌ನ 7950ಎಕ್ಸ್3ಡಿ ಇದೆ. ಆದರೆ ಅದರ ಎರಡು ಚಿಪ್ಲೆಟ್‌ಗಳಲ್ಲಿ (ಕೋರ್‌ಗಳಿರುವ ಸಣ್ಣ ಚಿಪ್‌ಗಳಲ್ಲಿ) ಒಂದಕ್ಕೆ ಮಾತ್ರ ಹೆಚ್ಚಿನ ಕ್ಯಾಶ್. ಗೇಮ್ ಸರಿಯಾದ ಚಿಪ್ಲೆಟ್ ಮೇಲೆ ಓಡುವಂತೆ ಆಪರೇಟಿಂಗ್ ಸಿಸ್ಟಮ್ ನೋಡಿಕೊಳ್ಳಬೇಕು. ಆ ತಲೆನೋವು ನನಗೆ ಬೇಡವಾಗಿತ್ತು.

ನಾನು ತಗೊಂಡಿದ್ದು ರೈಜೆನ್ 9 7900. ಹೆಸರಿನ ಕೊನೆಯಲ್ಲಿ ಎಕ್ಸ್ ಇಲ್ಲದ್ದು. 12 ಕೋರ್, 24 ಥ್ರೆಡ್ (ಒಟ್ಟಿಗೆ ಓಡಿಸಬಲ್ಲ ಕೆಲಸಗಳು), ಟಿಡಿಪಿ (ಕೂಲರ್ ಆರಿಸಲು ಕಂಪನಿ ಕೊಡುವ ಶಾಖದ ಅಂದಾಜು) 65 ವಾಟ್. 1440ಪಿಯಲ್ಲಿ ಹೇಗೂ ಗ್ರಾಫಿಕ್ಸ್ ಕಾರ್ಡೇ ತಡೆ, ಹಾಗಾಗಿ ಎಕ್ಸ್3ಡಿಯ ಮೇಲುಗೈ ನನಗೆ ಅಷ್ಟಾಗಿ ಸಿಗುವುದಿಲ್ಲ. ನೀವು 1080ಪಿಯಲ್ಲಿ 240 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು ಸ್ಪರ್ಧೆಯ ಗೇಮ್ ಆಡುವವರಾದರೆ, ಅಥವಾ ದೊಡ್ಡ ಸಿಮ್ಯುಲೇಷನ್ ಗೇಮ್‌ಗಳಲ್ಲಿ ಮುಳುಗುವವರಾದರೆ ನನ್ನ ಆಯ್ಕೆ ನಿಮಗೆ ಸರಿಹೋಗದು. ಕಣ್ಣು ಮುಚ್ಚಿ ಎಕ್ಸ್3ಡಿ ತಗೊಳ್ಳಿ.

ಇಲ್ಲೊಂದು ಮಾತು. ಲಿಂಕಿಂಗ್‌ನ ಕಾಯುವಿಕೆಗೆ ಮದ್ದು ಹೊಸ ಪ್ರೊಸೆಸರ್ ಆಗಿರಲಿಲ್ಲ. ಹಳೆಯ ಮೆಷಿನ್‌ನಲ್ಲೇ ಲಿಂಕರ್ ಬದಲಿಸಿ ಮೋಲ್ಡ್ ಹಾಕಿದೆ. ಅದು ಲಿಂಕಿಂಗ್ ಕೆಲಸವನ್ನೂ ಕೋರ್‌ಗಳಿಗೆ ಹಂಚುತ್ತದೆ. ಜೊತೆಗೆ ಸಿಸಿಕ್ಯಾಶ್ ಹಾಕಿದೆ, ಬದಲಾಗದ ಫೈಲ್‌ಗಳನ್ನು ಮತ್ತೆ ಮತ್ತೆ ಕಂಪೈಲ್ ಮಾಡುವುದು ತಪ್ಪಿತು. ಎರಡೂ ಪುಕ್ಕಟೆ. ಹಣ ಸುರಿಯುವ ಮೊದಲು ಇದನ್ನು ಮಾಡಿ ನೋಡಿ. ಕೆಲವರಿಗೆ ಹೊಸ ಪಿಸಿಯೇ ಬೇಡ ಅನ್ನಿಸಬಹುದು.

ರ‍್ಯಾಮ್‌ನಲ್ಲಿ ನಾನು ಕೈ ಬಿಗಿ ಹಿಡಿಯಲಿಲ್ಲ. ಟೆಂಪ್ಲೇಟ್ ತುಂಬಿದ ಸಿ ಪ್ಲಸ್ ಪ್ಲಸ್ ಫೈಲ್ ಕಂಪೈಲ್ ಆಗುವಾಗ ಒಂದೊಂದು ಪ್ರೊಸೆಸ್ಸೂ 1 ಜಿಬಿ, ಕೆಲವೊಮ್ಮೆ ಅದಕ್ಕೂ ಜಾಸ್ತಿ ತಿನ್ನುತ್ತದೆ. 24 ಥ್ರೆಡ್ ಒಟ್ಟಿಗೆ ಓಡಿಸಿದರೆ ಲೆಕ್ಕ ಹಾಕಿ. ಅದರ ಮೇಲೆ ಬ್ರೌಸರ್, ಕೋಡ್ ಬರೆಯುವ ಐಡಿಇ, ವರ್ಚುವಲ್ ಮೆಷಿನ್. ಹಾಗಾಗಿ 64 ಜಿಬಿ. ಗೇಮ್‌ಗೆ ಮಾತ್ರ ಆದರೆ 32 ಸಾಕೇ ಸಾಕು.

ಆ 64ನ್ನು ಹೇಗೆ ತಗೊಳ್ಳಬೇಕು ಅನ್ನುವುದೂ ಮುಖ್ಯ. 32ರ ಎರಡು ಕಡ್ಡಿ, 16ರ ನಾಲ್ಕಲ್ಲ. ಡಿಡಿಆರ್5 ಬಗೆಯ ರ‍್ಯಾಮ್‌ನಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ಮೆಮೊರಿ ಕಂಟ್ರೋಲರ್ ಮೇಲೆ ಹೊರೆ ಬೀಳುತ್ತದೆ. ರೈಜೆನ್ 7000 ಸಾಲಿಗೆ ಎಎಂಡಿ ಭರವಸೆ ಕೊಡುವ ವೇಗ (ಸೆಕೆಂಡಿಗೆ ಇಷ್ಟು ದಶಲಕ್ಷ ವರ್ಗಾವಣೆ ಅನ್ನುವ ಲೆಕ್ಕ) ಎರಡು ಕಡ್ಡಿಗೆ 5200, ನಾಲ್ಕಕ್ಕೆ ಬರೀ 3600. ಈಗ ಎರಡು ಹಾಕಿ ಆಮೇಲೆ ಇನ್ನೆರಡು ಸೇರಿಸೋಣ ಅನ್ನುವ ಲೆಕ್ಕ ಇಲ್ಲಿ ಅಷ್ಟು ಸಲೀಸಾಗಿ ನಡೆಯುವುದಿಲ್ಲ. ನಾನು ಆರಿಸಿದ್ದು 6000 ವೇಗದ ಸಿಎಲ್30 ಕಿಟ್. ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡ್‌ನಲ್ಲಿ ಲೇಟೆನ್ಸಿ (ಉತ್ತರಕ್ಕೆ ಕಾಯುವ ಹೊತ್ತು, ಕಡಿಮೆ ಇದ್ದಷ್ಟೂ ಒಳ್ಳೆಯದು) ಸಿಗುತ್ತದೆ. ಈ ಕಿಟ್‌ಗೆ 10, ಅದೇ ವೇಗದ ಸಿಎಲ್36ಕ್ಕೆ 12.

ಗ್ರಾಫಿಕ್ಸ್ ಕಾರ್ಡಿಗೆ ಬಂದಾಗ ನನ್ನ ಪ್ರಶ್ನೆ ವೇಗಕ್ಕಿಂತ ವಿಡಿಯೊ ಮೆಮೊರಿಯದು. 8 ಜಿಬಿ ಈಗ ಇಕ್ಕಟ್ಟು. ಮೆಮೊರಿ ಸಾಲದಿದ್ದರೆ ಸರಾಸರಿ ಫ್ರೇಮ್ ರೇಟ್ ಚೆನ್ನಾಗೇ ಕಾಣಬಹುದು, ಆದರೆ ಆಟ ಮಧ್ಯೆ ಮಧ್ಯೆ ಜಗ್ಗುತ್ತದೆ. ನನಗೆ CUDA (ಎನ್‌ವಿಡಿಯಾ ಕಾರ್ಡಿನಲ್ಲಿ ಲೆಕ್ಕಾಚಾರ ಓಡಿಸುವ ವ್ಯವಸ್ಥೆ) ಬೇಕಾದ ಕೆಲಸವೂ ಇತ್ತು, ಆಗಾಗ ಭಾಷಾ ಮಾಡೆಲ್‌ಗಳನ್ನು ನನ್ನ ಪಿಸಿಯಲ್ಲೇ ಓಡಿಸುತ್ತೇನೆ. ಮಾಡೆಲ್ ಕಾರ್ಡಿನೊಳಗೆ ಹಿಡಿಸಿದರೆ ಓಡುತ್ತದೆ, ಹಿಡಿಸದಿದ್ದರೆ ತೆವಳುತ್ತದೆ. ಹಾಗಾಗಿ ಎನ್‌ವಿಡಿಯಾದ ಆರ್‌ಟಿಎಕ್ಸ್ 4070 ಟಿಐ ಸೂಪರ್, 16 ಜಿಬಿ. CUDA ಬೇಡದೆ ಲಿನಕ್ಸ್ ಮಾತ್ರ ಬಳಸುವುದಾಗಿದ್ದರೆ ನಾನು ಎಎಂಡಿ ಕಾರ್ಡ್ ತಗೊಳ್ಳುತ್ತಿದ್ದೆ. ಅದರ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲೇ ಇರುತ್ತದೆ, ಬೇರೆ ಹಾಕುವ ಗೋಜಿಲ್ಲ.

ಮದರ್‌ಬೋರ್ಡ್‌ನಲ್ಲಿ ಬಣ್ಣದ ದೀಪಕ್ಕೆ ಹಣ ಕೊಡಲಿಲ್ಲ. ಬಿ650 ಚಿಪ್‌ಸೆಟ್ ಸಾಕಾಯಿತು. ಮ್ಯಾನ್ಯುಯಲ್ ಇಳಿಸಿಕೊಂಡು ಕೊಳ್ಳುವ ಮೊದಲೇ ಓದಿದೆ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಮಾಡಬೇಕು. ಯಾವ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರುವ ಜಾಗ) ತುಂಬಿದರೆ ಯಾವ ಸಾಟಾ ಪೋರ್ಟ್ (ಕೇಬಲ್ ಹಾಕುವ ಡಿಸ್ಕಿನ ಜಾಗ) ಸಾಯುತ್ತದೆ, ಗ್ರಾಫಿಕ್ಸ್ ಸ್ಲಾಟಿನ ಲೇನ್‌ಗಳು (ಡೇಟಾ ಓಡುವ ದಾರಿಗಳು) ಎಲ್ಲಿ ಹಂಚಿಹೋಗುತ್ತವೆ ಅನ್ನುವುದೆಲ್ಲ ಅಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಪ್ರೊಸೆಸರ್ ಇಲ್ಲದೆಯೇ ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುವ ಬಟನ್ ಇರಲೇಬೇಕು ಅಂದುಕೊಂಡೆ. ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಆರಿಸಲು ಹಳೆಯ ಎಎಂ4 ಕಾರಣ. 2017ರಲ್ಲಿ ಮೊದಲ ರೈಜೆನ್ ಜೊತೆ ಬಂದ ಎಷ್ಟೋ ಬೋರ್ಡ್‌ಗಳು ಬಯಾಸ್ ಅಪ್‌ಡೇಟ್ ಆದ ಮೇಲೆ 2022ರ 5800ಎಕ್ಸ್3ಡಿಯನ್ನೂ ಓಡಿಸಿದವು.

ಎಸ್‌ಎಸ್‌ಡಿಯಲ್ಲಿ ಡಬ್ಬದ ಮೇಲಿನ ಸೆಕೆಂಡಿಗೆ 7000 ಎಂಬಿ ಅನ್ನುವುದು ದೊಡ್ಡ ಫೈಲನ್ನು ಒಂದೇ ಸಮನೆ ಓದುವಾಗಿನ ವೇಗ. ಬಿಲ್ಡ್ ಓದುವುದು ಸಾವಿರಾರು ಪುಟ್ಟ ಫೈಲ್‌ಗಳನ್ನು. ಅದಕ್ಕೇ ದುಬಾರಿ ಜೆನ್ 5 (ಐದನೇ ತಲೆಮಾರಿನ ಡ್ರೈವ್) ಬಿಟ್ಟು ಜೆನ್ 4ನಲ್ಲಿ ಟಿಎಲ್‌ಸಿ (ಒಂದು ಕೋಶದಲ್ಲಿ 3 ಬಿಟ್ ಇಡುವ ಮೆಮೊರಿ) ಇರುವ ಎರಡು ಡ್ರೈವ್ ಹಾಕಿದೆ. ಕೋಶಕ್ಕೆ 4 ಬಿಟ್ ತುರುಕುವ ಕ್ಯೂಎಲ್‌ಸಿ ಡ್ರೈವ್ ಅಗ್ಗ, ಆದರೆ ಒಳಗಿನ ಕ್ಯಾಶ್ ತುಂಬಿದ ಮೇಲೆ ಬರೆಯುವ ವೇಗ ಕುಸಿಯುತ್ತದೆ. ಒಂದರಲ್ಲಿ ಲಿನಕ್ಸ್, ಇನ್ನೊಂದರಲ್ಲಿ ವಿಂಡೋಸ್. ಕೆಲವು ಗೇಮ್‌ಗಳ ಆಂಟಿ-ಚೀಟ್ (ಆಟದಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್) ಲಿನಕ್ಸ್ ಒಪ್ಪುವುದಿಲ್ಲ, ಏನು ಮಾಡೋದು.

ಪವರ್ ಸಪ್ಲೈ 750 ವಾಟ್. ಕಾರ್ಡ್ 285, ಪ್ರೊಸೆಸರ್ ಪೂರ್ತಿ ದುಡಿದಾಗ ಸುಮಾರು 88, ಉಳಿದದ್ದೆಲ್ಲ ಸೇರಿ 450ರ ಒಳಗೇ. ಆದರೂ ಕಾರ್ಡ್‌ಗಳು ಕ್ಷಣಮಾತ್ರಕ್ಕೆ ದುಪ್ಪಟ್ಟು ಎಳೆಯುವುದುಂಟು. ಎಟಿಎಕ್ಸ್ 3.0 ಸಪ್ಲೈಗಳನ್ನು ಅಂಥ ಜಿಗಿತ ತಡೆಯುವಂತೆ ಮಾಡಿರುತ್ತಾರೆ. 80 ಪ್ಲಸ್ ಗೋಲ್ಡ್ ಅಂದರೆ ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವ ಲೆಕ್ಕ ಮಾತ್ರ, ಅದು ಗಟ್ಟಿತನದ ಸರ್ಟಿಫಿಕೇಟ್ ಅಲ್ಲ. ಇನ್ನು, ಹಳೆಯ ಸಪ್ಲೈನ ಮಾಡ್ಯುಲರ್ ಕೇಬಲ್ ಹೊಸದಕ್ಕೆ ಹಾಕಲೇಬೇಡಿ. ತುದಿ ಹೊಂದಿಕೊಂಡರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು, ಡಿಸ್ಕ್ ಸುಟ್ಟುಹೋಗಬಹುದು. ಕಾರ್ಡಿನ 16 ಪಿನ್ ಕನೆಕ್ಟರನ್ನು ಕೊನೆಯವರೆಗೆ ಒತ್ತಿ, ಬುಡದಲ್ಲೇ ಬಗ್ಗಿಸಬೇಡಿ.

ಕೂಲರ್ ಮತ್ತು ಕೇಸ್‌ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮುಂದೆ ಜಾಲರಿ ಇರುವ ಕೇಸ್, 155 ಮಿಲಿಮೀಟರ್ ಎತ್ತರದ ಏರ್ ಕೂಲರ್. ಕಾರ್ಡಿನ ಉದ್ದ, ಕೂಲರಿನ ಎತ್ತರ ಕೇಸ್‌ಗೆ ಹಿಡಿಸುತ್ತವೆಯೇ ಅಂತ ಮಾತ್ರ ತಾಳೆ ನೋಡಿದೆ.

ಜೋಡಿಸಿ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗೇ ಇರುತ್ತದೆ. ಗಾಬರಿ ಬೇಡ, ಅದು ಡಿಡಿಆರ್5ನ ಮೆಮೊರಿ ಟ್ರೈನಿಂಗ್, ಅಂದರೆ ಬೋರ್ಡ್ ಈ ಕಡ್ಡಿಗಳಿಗೆ ಹೊಂದುವ ಸೆಟ್ಟಿಂಗ್ ಹುಡುಕುತ್ತಿರುತ್ತದೆ. ಆಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಪೋ (ಕಿಟ್‌ನ ಪೂರ್ತಿ ವೇಗ ಜಾರಿಗೆ ತರುವ ಸೆಟ್ಟಿಂಗ್) ಆನ್ ಮಾಡಬೇಕು, ಇಲ್ಲದಿದ್ದರೆ 6000ಕ್ಕೆ ದುಡ್ಡು ಕೊಟ್ಟ ರ‍್ಯಾಮ್ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ಆನ್ ಮಾಡಿದ ಮೇಲೆ ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ರ‍್ಯಾಮ್‌ನ ಸಣ್ಣ ದೋಷ ಗೇಮ್‌ನಲ್ಲಿ ಕಾಣದೇ ಹೋಗಬಹುದು, ಆದರೆ ಕಂಪೈಲರ್ ಕಾರಣವೇ ಇಲ್ಲದೆ ಕ್ರ್ಯಾಶ್ ಆಗುತ್ತದೆ, ನೀವು ನಿಮ್ಮ ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ. ಟೆಸ್ಟ್‌ನಲ್ಲಿ ಒಂದೇ ಒಂದು ಎರರ್ ಬಂದರೂ ವೇಗವನ್ನು 5600ಕ್ಕೆ ಇಳಿಸಿ ಮತ್ತೆ ಓಡಿಸಿ. ಆಗಲೂ ಬಂದರೆ ಕಿಟ್ ವಾಪಸ್ ಕೊಡಿ.