ಇಎಂಟಿ ಬ್ಯಾಚಿಗೆ ಪಾಯ ಹಾಕಿದ ರೀತಿ: ನನ್ನ ಅನುಭವ

108 ಗಾಡಿಯಲ್ಲಿ ಹನ್ನೊಂದು ವರ್ಷ ಓಡಾಡಿ, ಈಗ ನಾಲ್ಕು ವರ್ಷದಿಂದ ಹಾವೇರಿ ಕಡೆ ಹೊಸ ಇಎಂಟಿಗಳಿಗೆ, ಅಂದರೆ ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವವರಿಗೆ, ತರಬೇತಿ ಕೊಡುತ್ತಿದ್ದೇನೆ. ಮೊದಲ ಹದಿನೈದು ದಿನ ಇಂಗ್ಲಿಷ್ ಪುಸ್ತಕ ತೆರೆಸುವುದಿಲ್ಲ, ಕೈಗೆ ಮತ್ತು ಕಿವಿಗೆ ಕಲಿಸುತ್ತೇನೆ ಅಂದಾಗ ಯಾರೂ ಒಪ್ಪಲಿಲ್ಲ. "ಪರೀಕ್ಷೆ ಇಂಗ್ಲಿಷಿನಲ್ಲಿ, ಕೇಸ್ ಶೀಟ್ ಇಂಗ್ಲಿಷಿನಲ್ಲಿ. ನೀವು ಕನ್ನಡ ಕನ್ನಡ ಅಂತ ಹುಡುಗರನ್ನ ಹಾಳು ಮಾಡ್ತೀರಿ" ಎಂದು ಹಿರಿಯ ವೈದ್ಯರೊಬ್ಬರು ಎಲ್ಲರೆದುರೇ ಹೇಳಿದರು. ಕಳೆದ ಬ್ಯಾಚಿನ ಫಲಿತಾಂಶ ನೋಡಿ ಅವರೇ ನನ್ನ ಟಿಪ್ಪಣಿ ಪುಸ್ತಕ ಕೇಳಿ ತರಿಸಿಕೊಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೊದಲ ಬ್ಯಾಚು ಪುಸ್ತಕದ ದಾರಿಯಲ್ಲೇ ಹೋಗಿತ್ತು. ಆ ಬ್ಯಾಚಿನಲ್ಲಿ ಒಬ್ಬ ಹುಡುಗ ಹೈಪೋವೊಲೆಮಿಕ್ ಶಾಕ್ (ರಕ್ತ ಅಥವಾ ನೀರಿನಂಶ ಹೋಗಿ ದೇಹ ಕುಸಿಯುವ ಸ್ಥಿತಿ) ಎಂದರೇನು ಅಂತ ಒಂದು ಪುಟ ತಪ್ಪಿಲ್ಲದೆ ಬರೆಯುತ್ತಿದ್ದ. ಡ್ರಿಲ್ಲಿನಲ್ಲಿ ಹೆರಿಗೆಯಾದ ಬಾಣಂತಿಯ ಕೇಸು ಕೊಟ್ಟೆ. ಕೈ ತಣ್ಣಗಿದೆ, ಹಣೆ ಬೆವರಿದೆ, ನೀರು ನೀರು ಅನ್ನುತ್ತಿದ್ದಾಳೆ, ನಾಡಿ 124. ಅವನು ಬಿಪಿ 110/70 ಅಂತ ನೋಡಿ ಕೇಸ್ ಶೀಟಿನಲ್ಲಿ 'ಸ್ಟೇಬಲ್' ಎಂದು ಬರೆದ. ಬಿಪಿ ಕೊನೆಗೆ ಬೀಳುತ್ತದೆ ಅಂತ ಅವನಿಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದ. ಕೈಗೆ ಮಾತ್ರ ಗೊತ್ತಿರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಎರಡನೇ ಬ್ಯಾಚಿನಿಂದ ಶುರು ಮಾಡಿದ್ದು ಮಾತಿನಿಂದ. ಪ್ರತಿಯೊಬ್ಬರಿಗೂ ನೂರು ಪುಟದ ಒಂದು ನೋಟ್‌ಬುಕ್. ತಮ್ಮೂರಲ್ಲಿ ಯಾವ ತ್ರಾಸಿಗೆ ಏನನ್ನುತ್ತಾರೆ ಎಂದು ಮನೆಯ ಹಿರಿಯರನ್ನು ಕೇಳಿ ಬರೆದು ತರಬೇಕು. ಧಮ್ಮು, ಲಕ್ವಾ, ಎದಿ ಹಿಡದಂಗ, ಕಣ್ಣಿಗೆ ಕತ್ತಲಿ ಬಂತು. ಎಲ್ಲಕ್ಕಿಂತ ಕೆಲಸಕ್ಕೆ ಬಂದ ಮಾತು 'ಎಣ್ಣಿ'. ನಮ್ಮ ಕಡೆ ಹೊಲಕ್ಕೆ ಎಣ್ಣಿ ಹೊಡೆಯುವುದು ಅಂದರೆ ಕೀಟನಾಶಕ. ದಕ್ಷಿಣದ ಕಡೆಯಿಂದ ಬಂದ ಹುಡುಗನಿಗೆ "ಎಣ್ಣಿ ಕುಡದಾನ್ರೀ, ಲಗೂನ ಬರ್ರಿ" ಅಂದರೆ ಸಾರಾಯಿ ಕುಡಿದು ಬಿದ್ದಿದ್ದಾನೆ ಅನ್ನಿಸುತ್ತದೆ. ಅವನು ಗ್ಲೌಸು ಹಾಕದೆ, ಬಾಯಿಯ ನೊರೆ ಹೀರುವ ಸಕ್ಷನ್ ಯಂತ್ರ ತೆಗೆದಿಡದೆ ಇಳಿದು ಹೋಗುತ್ತಾನೆ. ಅಲ್ಲಿ ನೋಡಿದರೆ ಬಾಯಲ್ಲಿ ನೊರೆ, ಪಾಪೆ ಸಾಸಿವೆ ಕಾಳಿನಷ್ಟಾಗಿದೆ, ಮನೆಯವರು ಉಪ್ಪು ನೀರು ಕುಡಿಸಲು ನಿಂತಿದ್ದಾರೆ. ಆ ಲೋಟ ತಡೆಯುವುದು, ಬಟ್ಟೆ ಬಿಚ್ಚಿಸಿ ಮೈ ತೊಳೆಯುವುದು, ಎಡಕ್ಕೆ ಹೊರಳಿಸುವುದು, ಇಷ್ಟನ್ನೂ ಒಂದೇ ಶಬ್ದದ ಬೆನ್ನು ಹಿಡಿದು ಕಲಿಸಿದೆ. ಆಮೇಲೆ ಆ ಜಾತಿಯ ಕೀಟನಾಶಕಕ್ಕೆ ಆರ್ಗನೊಫಾಸ್ಫೇಟ್ ಅನ್ನುವ ಹೆಸರು ಕೊಟ್ಟರೆ ಹತ್ತೇ ನಿಮಿಷದಲ್ಲಿ ತಲೆಯಲ್ಲಿ ಕೂರುತ್ತದೆ.

ಇನ್ನು ಮ್ಯಾನಿಕಿನ್, ಅಂದರೆ ಹೃದಯ ನಿಂತವರ ಎದೆ ಒತ್ತುವುದನ್ನು (ಸಿಪಿಆರ್) ಕಲಿಸುವ ಗೊಂಬೆ. ಇದಕ್ಕೆ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಮ್ಮಲ್ಲಿ ಇದ್ದದ್ದು ಒಂದೇ, ಅದರ ಎದೆಯೂ ಕುಸಿದು ಹೋಗಿತ್ತು. ಆಗ ನಾವು ಕೇಳಿದಾಗ ಹೊಸದಕ್ಕೆ ಇಪ್ಪತ್ತು ಸಾವಿರದ ಮೇಲೆ ಹೇಳಿದರು, ಒತ್ತಿದ ಆಳ ತೋರಿಸುವಂಥದ್ದಕ್ಕೆ ಲಕ್ಷದ ಮಾತು. ಮೊದಲು ಗೋಣಿಚೀಲಕ್ಕೆ ತೆಂಗಿನ ನಾರು ತುಂಬಿದೆ. ಮೂರೇ ದಿನದಲ್ಲಿ ಚಪ್ಪಟೆ. ಆಮೇಲೆ ಗಾದಿ ಅಂಗಡಿಯ ಫೋಮ್, ಎರಡು ವಾರ ಬಾಳಿತು. ಹುಡುಗರು ಮೆತ್ತನೆ ಎದೆಗೆ ರೂಢಿಯಾಗಿಬಿಟ್ಟರು, ಅದು ಇನ್ನೂ ದೊಡ್ಡ ನಷ್ಟ. ಮೂರನೆಯ ಸಲ ಗ್ಯಾರೇಜಿನಿಂದ ಬೈಕಿನ ಹಿಂದಿನ ಶಾಕ್‌ನ ಸ್ಪ್ರಿಂಗ್ ತಂದೆ. ಕಲ್ಲು. ಎರಡು ಸುತ್ತು ಕತ್ತರಿಸಿದರೆ ಮೆತ್ತಗಾದೀತು ಅಂತ ಕತ್ತರಿಸಿದೆ, ಇನ್ನೂ ಬಿಗಿಯಾಯಿತು. ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗ್ ಗಟ್ಟಿ ಅಂತ ಗ್ಯಾರೇಜಿನ ಮೇಸ್ತ್ರಿ ಆಮೇಲೆ ಹೇಳಿದ. ಹೀಗೇ ಎಂಟೊಂಬತ್ತು ಸಾವಿರ ನನ್ನ ಜೇಬಿನಿಂದ ಹೋಯಿತು. ಮನೆಯಲ್ಲಿ ಒಂದು ತಿಂಗಳು ಆ ಲೆಕ್ಕವನ್ನೇ ಕೇಳಿದರು.

ಕೆಲಸ ಹಿಡಿದದ್ದು ತೂಕದ ಯಂತ್ರ ಬಂದ ಮೇಲೆ. ಮುಳ್ಳು ತಿರುಗುವ ಹಳೇ ಮಾದರಿಯದ್ದೇ ಆಗಬೇಕು, ಡಿಜಿಟಲ್ ಒಂದು ಕಡೆ ನಿಂತುಬಿಡುತ್ತದೆ. ಅದರ ಮೇಲೆ ಹಲಗೆ, ಹಲಗೆ ಮೇಲೆ ಮ್ಯಾನಿಕಿನ್. ಐದು ಸೆಂಟಿಮೀಟರ್ ಒತ್ತಿದಾಗ ಮ್ಯಾನಿಕಿನ್ ತೂಕ ಕಳೆದು 45–50 ಕೆಜಿ ತೋರಿಸಿದರೆ ನನ್ನ ಲೆಕ್ಕಕ್ಕೆ ದೊಡ್ಡವರ ಎದೆಗೆ ಹತ್ತಿರ. ಕೈ ಸಡಿಲ ಬಿಟ್ಟಾಗ ಮುಳ್ಳು ಮ್ಯಾನಿಕಿನ್ ತೂಕಕ್ಕೇ ವಾಪಸು ಬರಬೇಕು. ಬರಲಿಲ್ಲ ಅಂದರೆ ಹುಡುಗ ಎದೆ ಮೇಲೆ ಒರಗಿದ್ದಾನೆ, ರಕ್ತ ಹೃದಯಕ್ಕೆ ಮರಳಲು ಜಾಗವೇ ಇಲ್ಲ. ಲಕ್ಷದ ಗೊಂಬೆ ತೋರಿಸುವುದನ್ನು ಏಳುನೂರು ರೂಪಾಯಿಯ ಯಂತ್ರ ತೋರಿಸಿತು. ಕೊನೆಗೆ ಯಾವ ಗಾಡಿಯ ಸ್ಪ್ರಿಂಗ್ ಕೂತಿತು, ಕೆಳಗೆ ಏನು ಇಟ್ಟೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕೇಂದ್ರಕ್ಕೆ ಬಂದವರಿಗೆ ಬಿಚ್ಚಿ ತೋರಿಸುತ್ತೇನೆ.

ಲಯದ್ದು ಬೇರೆ ಕತೆ. ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಬ್ಯಾಚಿನಲ್ಲಿ ಡೊಳ್ಳಿನ ಮೇಳದ ಹುಡುಗ ಒಬ್ಬನಿದ್ದ, ಅವನ ಡೊಳ್ಳಿಗೆ ಒತ್ತಿಸಿದೆ. ಮೊದಲ ನಿಮಿಷ ಚಂದ. ಡೊಳ್ಳಿನ ಗುಣವೇ ಏರುವುದಲ್ಲವೇ, ಎರಡನೇ ನಿಮಿಷಕ್ಕೆ 140 ದಾಟಿತು, ಆಳ ಮೂರು ಸೆಂಟಿಮೀಟರಿಗೆ ಇಳಿಯಿತು. ಮೊಬೈಲಿನ ಟಿಕ್ ಟಿಕ್ ಹಾಕಿದರೆ ಕೈಗಿಂತ ಕಿವಿಯೇ ಮೊದಲು ಸೋಲುತ್ತಿತ್ತು. ಒಂದು ದಿನ ಬೆಳಿಗ್ಗೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಸುಮ್ಮನೆ ಗಡಿಯಾರ ಹಿಡಿದು ಎಣಿಸಿದೆ: ಒಮ್ಮೆ 108, ಇನ್ನೊಮ್ಮೆ 112ರ ಆಸುಪಾಸು. ನಾಲ್ಕು ರೊಟ್ಟಿ ಆದರೂ ಲಯ ಕದಲಲಿಲ್ಲ. ಅದನ್ನೇ ರೆಕಾರ್ಡ್ ಮಾಡಿ ತರಗತಿಯಲ್ಲಿ ಹಾಕಿದೆ. ರೊಟ್ಟಿ ಬಡಿದು ಗೊತ್ತಿದ್ದ ಹೆಣ್ಣುಮಕ್ಕಳು ಅರ್ಧ ಗಂಟೆಯಲ್ಲಿ ಹಿಡಿದರು, ಹುಡುಗರಿಗೆ ಎರಡು ದಿನ ಬೇಕಾಯಿತು. ಒಂದು ಮಾತು ಮಾತ್ರ ಮತ್ತೆ ಮತ್ತೆ ಹೇಳಬೇಕು: ರೊಟ್ಟಿಯಿಂದ ಕೈ ಮೇಲೇಳುತ್ತದೆ, ಎದೆಯಿಂದ ಏಳಬಾರದು, ಭಾರ ಮಾತ್ರ ಬಿಡಬೇಕು. ಎರಡು ನಿಮಿಷಕ್ಕೆ ಒತ್ತುವವರನ್ನು ಬದಲಿಸಲು ರೆಕಾರ್ಡಿಂಗಿನಲ್ಲೇ ಅವ್ವನ "ಹೂಂ, ಸಾಕು" ಸೇರಿಸಿದ್ದೇನೆ.

ನಡುವೆ ರಕ್ತದ ಪ್ರಯೋಗಕ್ಕೂ ಕೈ ಹಾಕಿದೆ. ಹೆರಿಗೆಯ ನಂತರ ಅರ್ಧ ಲೀಟರ್ ಹೋದರೆ ಎಚ್ಚರ ಅಂತ ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಅರ್ಧ ಲೀಟರ್ ಎಷ್ಟಿರುತ್ತದೆ ಅಂದರೆ ತೋರಿಸಲು ಬರುವುದಿಲ್ಲ. ಬಣ್ಣದ ಗಂಜಿ ನೀರು ಮಾಡಿ ಅಳತೆ ಹಾಕಿ ಸುರಿದೆ. ಟೈಲ್ಸ್ ಮೇಲೆ ಸುರಿದದ್ದನ್ನು ಎರಡು ಲೀಟರ್ ಅಂದರು. ಅಷ್ಟೇ ನೀರನ್ನು ಹಳೇ ನೂಲಿನ ಸೀರೆ ಕುಡಿದಾಗ "ಒಂದು ಲೋಟ" ಅಂದರು. ಅಂಗಳದ ಮಣ್ಣಿನಲ್ಲಂತೂ ಕಣ್ಣಿಗೇ ಕಾಣಲಿಲ್ಲ. ಉಗುರು ಒತ್ತಿ ಬಿಟ್ಟು, ಎರಡು ಸೆಕೆಂಡಿನಲ್ಲಿ ಕೆಂಪು ಮರಳುತ್ತದೆಯೇ ಎಂದು ನೋಡುವುದನ್ನೂ ಹೀಗೇ ಪರೀಕ್ಷಿಸಿದೆವು. ಜನವರಿಯ ಬೆಳಗಿನ ಚಳಿಯಲ್ಲಿ ಆರೋಗ್ಯವಾಗಿದ್ದ ನಾಲ್ಕೈದು ಜನರಿಗೂ ಮೂರು ಸೆಕೆಂಡ್ ಹಿಡಿಯಿತು. ಹಾಗಾಗಿ ಉಗುರೊಂದನ್ನೇ ನಂಬಬೇಡಿ, ನಾಡಿ ಮತ್ತು ಬೆವರಿನ ಜೊತೆ ಓದಿ ಎಂದು ಹೇಳಿಕೊಡುತ್ತೇನೆ. ಗಂಜಿ ನೀರಿನ ಬಣ್ಣ ಬಟ್ಟೆಯಿಂದ ಹೋಗುವಂತೆ ಮಾಡಿದ ಅಳತೆ ಮಾತ್ರ ನನ್ನ ಹತ್ತಿರವೇ ಇರಲಿ.

ಆಕ್ಸಿಜನ್ ಲೆಕ್ಕ ಬೇಗ ಮುಗಿಯಿತು. ಬಿ ಟೈಪ್, ಅಂದರೆ ಹತ್ತು ಲೀಟರ್ ಗಾತ್ರದ ಸಿಲಿಂಡರಿನ ಒತ್ತಡದ ಗೇಜು 50 ಬಾರ್ ತೋರಿಸಿದರೆ ಹತ್ತರಿಂದ ಗುಣಿಸು, 500 ಲೀಟರ್. ನಿಮಿಷಕ್ಕೆ ಹತ್ತು ಲೀಟರ್ ಬಿಟ್ಟರೆ 50 ನಿಮಿಷ, ತಳದ ಉಳಿಕೆಗೆ ಹತ್ತು ನಿಮಿಷ ಕಳೆ, 40. ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ಹೊರಟರೆ ಸಾಲುವುದಿಲ್ಲ. ದಿನಾ ಬೆಳಿಗ್ಗೆ ಹಾಜರಿ ಕೂಗಿದಾಗ 'ಎಸ್ ಸರ್' ಬದಲು ಒಂದು ಲೆಕ್ಕದ ಉತ್ತರ ಹೇಳಿಸಿದೆ.

ಪುಸ್ತಕ ತೆರೆದದ್ದು ಹದಿನಾರನೇ ದಿನ. ಮೊದಲ ಬ್ಯಾಚಿನ ಇಪ್ಪತ್ತರಲ್ಲಿ ಸುಮಾರು ಹನ್ನೊಂದು ಜನ ಒಂದೇ ಸಲಕ್ಕೆ ಪಾಸಾಗಿದ್ದರು. ಕಳೆದ ಬ್ಯಾಚಿನಲ್ಲಿ ಇಪ್ಪತ್ತನಾಲ್ಕಕ್ಕೆ ಇಪ್ಪತ್ತೆರಡು. ಪರೀಕ್ಷೆಯೂ ಇಂಗ್ಲಿಷಿನಲ್ಲೇ ಇತ್ತು.

ಮೊನ್ನೆ ಆ ಬ್ಯಾಚಿನ ಹುಡುಗಿ ರಾತ್ರಿ ಡ್ಯೂಟಿ ಮುಗಿಸಿ ಫೋನ್ ಮಾಡಿದಳು. "ಸರ್, ಬಾಣಂತಿ ಕೇಸು. ಬಿಪಿ ಚಲೋ ಇತ್ತು. ಆದ್ರ ಸೀರಿ ಒಜ್ಜೆ ಆಗಿತ್ತು ಸರ್, ಹಿಂಡಿದ್ರ ಗೊತ್ತಾಗ್ತಿತ್ತು. ಕೈ ತಣ್ಣಗ, ನಾಡಿ 130. ಹೊಟ್ಟಿ ಮ್ಯಾಲೆ ಕೈಯಿಟ್ಟು ಗರ್ಭಕೋಶ ತಿಕ್ಕಿಕೋತ, ಆಸ್ಪತ್ರೆಗೆ ಮೊದಲೇ ಫೋನ್ ಹಚ್ಚಿ ರಕ್ತ ರೆಡಿ ಇಡಾಕ ಹೇಳಿದೆ." ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಮುಂದಿನ ಬ್ಯಾಚಿಗೆ ಟೈರ್ ಟ್ಯೂಬಿನಲ್ಲಿ ಗರ್ಭಕೋಶದ ಮಾದರಿ ಮಾಡುತ್ತಿದ್ದೇನೆ. ತಿಕ್ಕಿದಾಗ ಗರ್ಭಕೋಶ ಗಟ್ಟಿಯಾಗಿ ರಕ್ತ ನಿಲ್ಲಬೇಕು; ಮಾದರಿಯಲ್ಲಿ ಆ ಗಟ್ಟಿಯಾಗುವುದು ಇನ್ನೂ ಸರಿಯಾಗಿ ಬಂದಿಲ್ಲ, ಇಲ್ಲಿಯವರೆಗೆ ನಾಲ್ಕು ಟ್ಯೂಬು ಒಡೆದಿವೆ.