ಲೆಕ್ಕ ಬರುತ್ತದೆ, ಸ್ನಾನ ಆಗುವುದಿಲ್ಲ: ಸ್ಕಿಜೋಫ್ರೇನಿಯಾ ಇರುವವರ ದಿನದ ಕೆಲಸಕ್ಕೆ ಹೀಗೆ ಜೊತೆಯಾಗಿ

ನನ್ನ ತಮ್ಮ ಬಿ.ಕಾಂ. ಓದಿದವನು. ಹುಬ್ಬಳ್ಳಿ ದುರ್ಗದಬೈಲಿನ ನಮ್ಮ ಕಿರಾಣಿ ಅಂಗಡಿಯ ಉದ್ರಿ ಲೆಕ್ಕವನ್ನು ಕ್ಯಾಲ್ಕುಲೇಟರ್ ಇಲ್ಲದೆ ಕೂಡಿಸಿ ಕೊಡುತ್ತಾನೆ. ಅವನೇ, ಬಚ್ಚಲಲ್ಲಿ ಬಿಸಿನೀರು ತೋಡಿಟ್ಟರೂ ಮಧ್ಯಾಹ್ನದವರೆಗೆ ಹಾಸಿಗೆ ಮೇಲೆ ಕೂತೇ ಇರುತ್ತಾನೆ. ನೋಡಿದವರು "ಎಲ್ಲಾ ಬರ್ತೈತಿ, ಮೈಗಳ್ಳತನ ಅಷ್ಟ" ಅನ್ನುತ್ತಾರೆ. ಮೈಗಳ್ಳತನ ಅಲ್ಲ. ಅವನಿಗಿರುವ ಸ್ಕಿಜೋಫ್ರೇನಿಯಾ ಎಂಬ ಮನಸ್ಸಿನ ಕಾಯಿಲೆಯೇ ಹಾಗೆ. ಮಾತ್ರೆಗಳು ಕಿವಿಯಲ್ಲಿ ಕೇಳುವ ದನಿಗಳನ್ನು, ಸಂಶಯವನ್ನು ಬಹಳ ಜನರಲ್ಲಿ ತಗ್ಗಿಸುತ್ತವೆ. ಕೆಲಸಕ್ಕೆ ಮನಸ್ಸು ಏಳದಿರುವುದು, ಒಂದಾದ ಮೇಲೊಂದು ಏನು ಮಾಡಬೇಕು ಎಂಬುದು ತಲೆಯಲ್ಲಿ ನಿಲ್ಲದಿರುವುದು, ಇವು ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಅಲ್ಲೇ ಮನೆಯವರ ಕೈ ಬೇಕು.

ಮೊದಲು, ಕೆಲಸ ಎಲ್ಲಿ ನಿಂತುಹೋಗುತ್ತದೆ ನೋಡಿ. ಕೆಲವು ದಿನ ಸುಮ್ನೆ ನೋಡಿ, ಬುದ್ಧಿ ಹೇಳಬೇಡಿ. ತಮ್ಮನಿಗೆ ಮೈಮೇಲೆ ನೀರು ಹಾಕಿಕೊಳ್ಳುವುದು ಕಷ್ಟವೇ ಅಲ್ಲ. ಏಳುವುದು, ಟವೆಲ್ ಹುಡುಕುವುದು, ಯಾವ ಅಂಗಿ ಎಂದು ಆರಿಸುವುದು, ಇವೇ ತಡೆ. ಹಾಗಾಗಿ ರಾತ್ರಿಯೇ ಬಟ್ಟೆ, ಟವೆಲ್ ಬಚ್ಚಲ ಬಾಗಿಲಿಗೆ ನೇತುಹಾಕುತ್ತೇನೆ. ಚಹಾ ಅವನು ಎಂದೂ ತಪ್ಪಿಸುವುದಿಲ್ಲ. ಅದಕ್ಕೇ ಸ್ನಾನವನ್ನು ಚಹಾಕ್ಕೆ ಗಂಟು ಹಾಕಿದ್ದೇವೆ. ಕಪ್ಪು ಕೆಳಗಿಡುವಾಗಲೇ ಹತ್ತಿರ ಹೋಗಿ, "ನೀರ ಕಾದಾವು, ಬಾ ತಮ್ಮಾ" ಎಂದು ಒಂದೇ ಸಲ ಹೇಳಿ ಅಲ್ಲೇ ನಿಲ್ಲುತ್ತೇನೆ. ಅಡುಗೆಮನೆಯಿಂದ ಕೂಗಿದರೆ ಆಗುವುದಿಲ್ಲ. ಬೆಳಿಗ್ಗೆ ಜಾಸ್ತಿ ಮಂಪರು ಇದ್ದರೆ ಮಾತ್ರೆಯ ಹೊತ್ತಿನ ಬಗ್ಗೆ ಡಾಕ್ಟರನ್ನು ಕೇಳಿ. ನೀವೇ ಬದಲಿಸಬೇಡಿ.

ಒಂದು ಮಾತಿಗೆ ಒಂದೇ ಕೆಲಸ. ಹಾಲು ತಾ, ಹಾಗೇ ಕರೆಂಟ್ ಬಿಲ್ ಕಟ್ಟು, ಬರುವಾಗ ಕೊತ್ತಂಬರಿ ತಾ ಅಂದರೆ ಮೂರೂ ಉಳಿಯುತ್ತವೆ. ನಳ ಬರುವ ದಿನ ನಮ್ಮ ಓಣಿಯಲ್ಲಿ ಗದ್ದಲವೋ ಗದ್ದಲ. ಆವತ್ತು ಅವನಿಗೆ ಪೈಪು ಹಿಡಿಯುವ ಕೆಲಸ ಮಾತ್ರ.

ಹೊರಗಿನ ಕೆಲಸವನ್ನು ಹೊರಗೇ ರೂಢಿ ಮಾಡಿಸಿ. ಬ್ಯಾಂಕಿನಲ್ಲಿ ಹಣ ತೆಗೆಯುವುದು ಹೇಗೆ ಎಂದರೆ ಮನೆಯಲ್ಲಿ ಕೂತು ಪೂರ್ತಿ ಹೇಳುತ್ತಾನೆ. ಅಲ್ಲಿ ಸಾಲು, ಹಿಂದಿನಿಂದ ಅವಸರ ಮಾಡುವವರು. ಚೀಟಿ ಕೈಯಲ್ಲೇ ಉಳಿಯುತ್ತದೆ. ಮನೆಯಲ್ಲಿ ಮತ್ತೆ ಪಾಠ ಮಾಡಿ ಏನು ಬಂತು? ಜನ ಕಡಿಮೆ ಇರುವ ಹೊತ್ತಿಗೆ ಜೊತೆಗೆ ಹೋಗಿ. ಮೊದಲು ಪಕ್ಕದಲ್ಲಿ ನಿಲ್ಲಿ, ಮುಂದಿನ ಸಲ ಬಾಗಿಲ ಬಳಿ, ಆಮೇಲೆ ಹೊರಗೆ. ಎಲ್ಲಿ ತಡವರಿಸಿದರೋ ಅಲ್ಲಿ ಮತ್ತೆ ಒಂದು ಹೆಜ್ಜೆ ಅವರ ಹತ್ತಿರ ಬನ್ನಿ.

ಯಾವ ಕೆಲಸ ಎಂದು ಅವರನ್ನೇ ಕೇಳಿ. ತಮ್ಮ ಗಲ್ಲೆಯ ಮೇಲೆ ಕೂರಲು ಒಲ್ಲೆ ಅಂದ. ಗಿರಾಕಿಗಳ ಮಾತು ಒಂದರ ಮೇಲೊಂದು ಬಿದ್ದರೆ ತಲೆ ಕಲಸುತ್ತದಂತೆ. ಒಳಗೆ ಕೂತು ಲೆಕ್ಕ ಬರೆಯುತ್ತೇನೆ ಅಂದ. ಅದಕ್ಕೆ ತಿಂಗಳಿಗೆ ದುಡ್ಡು ಕೊಡುತ್ತೇವೆ. ಕೊಡಲೇಬೇಕು.

ಡಾಕ್ಟರ ಹತ್ತಿರ ಹೋಗುವಾಗ ಜಾಗ್ರತೆ. ಧಾರವಾಡದ ಡಿಮ್ಹಾನ್ಸ್ ಇರಲಿ, ಬೇರೆ ಆಸ್ಪತ್ರೆ ಇರಲಿ, ಎದುರಿಗೆ ಕೂತ ಸ್ವಲ್ಪ ಹೊತ್ತು ಕಾಯಿಲೆ ಇರುವವರು ಚೆನ್ನಾಗಿಯೇ ಮಾತಾಡುತ್ತಾರೆ. ಅದನ್ನು ನೋಡಿದರೆ ಮನೆಯ ಕಷ್ಟ ಗೊತ್ತಾಗುವುದಿಲ್ಲ, ಅಲ್ವಾ? ಸ್ನಾನ, ಊಟ, ಜನರೊಡನೆ ಮಾತು, ದುಡ್ಡು, ಕೆಲಸ, ಇವುಗಳಲ್ಲಿ ತಾನಾಗಿ ಮಾಡಿದ್ದು ಯಾವುದು, ಹೇಳಿಸಿಕೊಂಡು ಮಾಡಿದ್ದು ಯಾವುದು, ಆಗದೇ ಹೋದದ್ದು ಯಾವುದು, ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ಅವರಿಗೂ ಓದಿ ಹೇಳಿ, ಬೆನ್ನ ಹಿಂದೆ ಬೇಡ.

ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಈ ಹಾಳೆ ಉಪಯೋಗ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಐಡಿಯಾಸ್ ಎಂಬ ಅಳತೆಯಲ್ಲಿ ತನ್ನ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಈ ನಾಲ್ಕನ್ನೂ, ಕಾಯಿಲೆ ಎಷ್ಟು ವರ್ಷದ್ದು ಎಂಬುದನ್ನೂ ನೋಡುತ್ತಾರೆ. ವೈಕಲ್ಯ ಶೇ. 40 ಅಥವಾ ಹೆಚ್ಚು ಎಂದು ಬಂದರೆ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. "ಮಾಡ್ತಾನ್ರಿ" ಎಂದು ನಾಚಿಕೆಗೆ ಹೇಳಿ ಬರಬೇಡಿ. ಯಾರು ಎಷ್ಟು ಸಲ ಎಬ್ಬಿಸಿದ ಮೇಲೆ ಮಾಡುತ್ತಾನೆ, ಅದನ್ನು ಹೇಳಿ.

ಮಾಡುತ್ತಿದ್ದ ಕೆಲಸ ಒಮ್ಮೆಲೇ ನಿಂತು, ನಿದ್ದೆ ಕೆಟ್ಟು, ಒಬ್ಬರೇ ಗೊಣಗುತ್ತಿದ್ದರೆ ಮುಂದಿನ ತಾರೀಖಿಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ರಾತ್ರಿ ಯಾರನ್ನು ಕೇಳುವುದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.